ಸೂರ್ಯನಿಗೆ ಬರೆದ ಸಾಮಾನಿನ ಯಾದಿ

ಕರೆಂಟು ಹೋದರೆ ಒಳಗೊಳಗೇ ಸಂತೋಷಪಡುವ ಮನುಷ್ಯ ನಾನು. ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇನ್ನೂ ಬಂದಿಲ್ಲವಾದ್ದರಿಂದ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಶಿರಸಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತೆಂದರೆ ಮೊದಲು ಫ್ಯಾನು ನಿಧಾನವಾಗುತ್ತದೆ, ಪಕ್ಕದ ಮನೆಯ ಟೀವಿ ಅರ್ಧ ಮಾತಿನಲ್ಲೇ ನಿಲ್ಲುತ್ತದೆ, ನಮ್ಮ ಫ್ರಿಜ್ಜು ಒಮ್ಮೆ ಮೈ ಕೊಡವಿ ಸುಮ್ಮನಾಗುತ್ತದೆ. ಆಮೇಲೆ ಎಲ್ಲೋ ದೂರದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾದ ನನಗೆ ಹಂಚಿನ ಸಂದಿಯಿಂದ ಬಿದ್ದ ಬಿಸಿಲು ಜಗುಲಿಯ ನೆಲದ ಮೇಲೆ ಸರಿಯುವುದನ್ನು ನೋಡುತ್ತ ಕೂರಲು ಅಷ್ಟು ಸಾಕು. ಒಂದು ತಾಸು ಹೋದದ್ದೇ ತಿಳಿಯುವುದಿಲ್ಲ.

ಅದೇ ತಾಸಿನಲ್ಲಿ ಒಳಗೆ ನನ್ನ ಹೆಂಡತಿ ಭಾರತಿ ಅರ್ಧ ನುರಿದ ಅಕ್ಕಿಯ ಎದುರು ಕೈಕಟ್ಟಿ ಕೂತಿರುತ್ತಾಳೆ. ಅವಳು ಓಣಿಯ ಮನೆಗಳಿಗೆ ದೋಸೆ ಹಿಟ್ಟು ರುಬ್ಬಿ ಕೊಡುತ್ತಾಳೆ. ಹಿಟ್ಟು ಸಂಜೆಯೊಳಗೆ ಮನೆಮನೆ ಸೇರದಿದ್ದರೆ ಮರುದಿನ ಅಲ್ಲಿ ದೋಸೆಯಿಲ್ಲ. ಕಳೆದ ಬೇಸಿಗೆಯಲ್ಲಿ ಕರೆಂಟು ಸಂಜೆಯವರೆಗೂ ಬಾರದೆ ಎರಡು ಮೂರು ಸಲ ಹೀಗೆ ಆದಮೇಲೆ ನಾಲ್ಕು ಮನೆಯವರು ಅಂಗಡಿಯ ಪ್ಯಾಕೆಟ್ಟಿಗೆ ತಿರುಗಿದರು. ಇನ್ನು ನಾಲ್ಕು ಮನೆ ಹೋದರೆ ಗ್ರೈಂಡರನ್ನು ಅಟ್ಟಕ್ಕೆ ಹಾಕುವುದೇ ಸೈ ಎಂದು ಅವಳು ಒಂದು ದಿನ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆ. ತಣ್ಣಗೆ ಹೇಳಿದ್ದರಿಂದ ಸೋಲಾರ್ ಹಾಕಿಸುವುದೆಂದು ತೀರ್ಮಾನವಾಯಿತು.

ದಾಸನಕೊಪ್ಪದ ಕಡೆಯ ಬಸವರಾಜ ಎಂಬಾತ ಈ ಕೆಲಸ ಮಾಡುತ್ತಾನೆ. ಮನೆಯಲ್ಲಿರುವ ಸಾಮಾನು ಯಾವುವು, ಒಂದೊಂದಕ್ಕೆ ಎಷ್ಟು ವ್ಯಾಟು, ದಿನಕ್ಕೆ ಎಷ್ಟು ತಾಸು ಓಡುತ್ತದೆ, ಇಷ್ಟು ಬರೆದಿಡಿ, ಭಾನುವಾರ ಬಂದು ಪ್ಯಾನೆಲ್ಲು ಎಷ್ಟು, ಖರ್ಚು ಎಷ್ಟು ಎಂದು ಹೇಳುತ್ತೇನೆ ಎಂದ. ಯಾದಿ ಬರೆಯುವುದನ್ನು ನನಗೆ ಹೇಳಿಕೊಡುವುದೆ! ಸಿದ್ದಾಪುರದಿಂದ ಯಲ್ಲಾಪುರದವರೆಗೆ ನಮ್ಮ ನೆಂಟರಿಷ್ಟರಲ್ಲಿ ಮದುವೆ, ಉಪನಯನ ಎಂದರೆ ಸಾಮಾನಿನ ಯಾದಿ ನನ್ನದೇ. ಅಕ್ಷರ ಚೆನ್ನಾಗಿದೆಯೆಂದು ಶುರುವಾದದ್ದು, ಕ್ರಮೇಣ ಅಂದಾಜೂ ಚೆನ್ನಾಗಿದೆಯೆಂದು ಜನ ನಂಬಿದರು. ನನ್ನ ಲೆಕ್ಕ ಸರಳ. ಕರೆದವರೆಲ್ಲ ಬರುತ್ತಾರೆ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ, ಎಲ್ಲರೂ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಅದರ ಮೇಲೆ ಕರೆಯದೆ ಬರುವವರಿಗಾಗಿ ಕಾಲು ಭಾಗ. ನನ್ನ ಯಾದಿಯ ಮನೆಯಲ್ಲಿ ಪಾಯಸ ಕಡಿಮೆ ಬಿದ್ದದ್ದಿಲ್ಲ. ಮರುದಿನ ಬಕೆಟ್ಟುಗಟ್ಟಲೆ ಹೊತ್ತು ಹಂಚಿದವರ ಮಾತು ಬೇರೆ.

ಆ ಇಡೀ ವಾರ ಜಗುಲಿಯಲ್ಲಿ ಕೂತು ಸೂರ್ಯನಿಗೆ ಯಾದಿ ಬರೆದೆ. ಎಂಥ ಸುಖದ ಕೆಲಸ! ಎಲ್ಲಿಂದಲೋ ಹೊರಟ ಬೆಳಕು ನಮ್ಮ ಹಂಚಿನ ಮಾಡಿನ ಮೇಲೆ ಇಳಿದು, ತಂತಿಯೊಳಗೆ ನುಸುಳಿ, ಚಟ್ನಿಯಾಗಿ ನನ್ನ ತಟ್ಟೆಗೆ ಬರುವುದನ್ನು ನೆನೆದು ಪೆನ್ನು ಹಿಡಿದಲ್ಲೇ ತೂಕಡಿಸಿದೆ. ಇರುವವರು ನಾವಿಬ್ಬರೇ. ಆದರೂ ಸಿದ್ದಾಪುರ ಕಡೆಯ ದೊಡ್ಮನೆಯ ನೆಂಟರು ಒಟ್ಟಿಗೆ ಬಂದಿಳಿದರೆ ಎಂದು ಫ್ಯಾನು ಆರು. ಅವರೆಲ್ಲ ಒಂದೇ ಬೆಳಿಗ್ಗೆ ಸ್ನಾನಕ್ಕೆ ನಿಂತರೆ ಎಂದು ಗೀಸರು ಮೂರು ತಾಸು. ಮುಂದೆ ಕೊಳ್ಳಬಹುದಾದ ಬಟ್ಟೆ ಒಗೆಯುವ ಯಂತ್ರ, ಕನಸಿನಲ್ಲಷ್ಟೇ ಓಡಿಸಿದ ಬ್ಯಾಟರಿ ಸ್ಕೂಟರು, ರಾತ್ರಿ ಓದಲು ಅಟ್ಟದ ಮೇಲೊಂದು ದೀಪ. ಅಟ್ಟ ಹತ್ತದೆ ಹತ್ತು ವರ್ಷವಾಗಿದೆ, ಇರಲಿ. ಎಲ್ಲ ಕೂಡಿಸಿ, ಕರೆಯದೆ ಬರುವ ಮೋಡಗಳಿಗಾಗಿ ಕಾಲು ಭಾಗ ಸೇರಿಸಿದೆ.

ಭಾನುವಾರ ಬಸವರಾಜ ಯಾದಿಯನ್ನು ಎರಡು ಸಲ ಓದಿದ. ಅಂಗಳಕ್ಕಿಳಿದು ನಮ್ಮ ಮಾಡನ್ನೊಮ್ಮೆ ನೋಡಿ, ಪಕ್ಕದ ಮನೆಯದನ್ನೂ ನೋಡಿದ. ಇಷ್ಟಕ್ಕೆ ಎರಡು ಮನೆಯ ಮಾಡು ಬೇಕಾಗುತ್ತದೆ, ಆ ಖರ್ಚಿನಲ್ಲಿ ಒಂದು ಕಾರು ಬರುತ್ತದೆ ಎಂದ.

“ಮಾಸ್ತರ್ರ, ಇದು ಮದುವಿ ಯಾದಿ ಆತ್ರಿ. ದಿನಾ ಏನ್ ಹಚ್ತೀರಿ, ಅಷ್ಟ ಹೇಳ್ರಿ.”

ಚಾ ತಂದಿಟ್ಟ ಭಾರತಿ ಕಾಗದ ಎತ್ತಿಕೊಂಡಳು. ಮೇಲಿನಿಂದ ಕೆಳಗೆ ಬೆರಳು ಓಡಿಸಿದಳು, ಹಿಂದೆ ತಿರುಗಿಸಿ ನೋಡಿದಳು.

“ಎನ್ನ ಗ್ರೈಂಡರ್ ಎಲ್ಲಿದ್ದು ಇದ್ರಲ್ಲಿ?”

ಇರಲಿಲ್ಲ. ಕನಸಿನ ಸ್ಕೂಟರು ಇತ್ತು, ದೊಡ್ಮನೆಯವರ ಬಿಸಿನೀರಿತ್ತು, ಯಾವುದಕ್ಕಾಗಿ ಇಷ್ಟೆಲ್ಲ ಹೊರಟಿತ್ತೋ ಅದೇ ಇರಲಿಲ್ಲ. ಯಾದಿ ಬರೆಯುವವನು ಅಡುಗೆಯವರನ್ನು ಪಂಕ್ತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವರು ಹೇಗೂ ಇದ್ದದ್ದರಲ್ಲಿ ಉಣ್ಣುತ್ತಾರೆ. ಆ ಅಭ್ಯಾಸ ಇಲ್ಲಿಯೂ ಬಂದಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಬೈದಿದ್ದರೆ ಒಳ್ಳೆಯದಿತ್ತು. ನನ್ನದೇ ಪೆನ್ನು ತೆಗೆದುಕೊಂಡು ಹೊಸ ಹಾಳೆಯಲ್ಲಿ ಗ್ರೈಂಡರು, ಫ್ರಿಜ್ಜು, ಎರಡು ದೀಪ, ಒಂದು ಫ್ಯಾನು ಎಂದು ಬರೆದು ಬಸವರಾಜನ ಕೈಗೆ ಕೊಟ್ಟಳು. ಬಿಸಿಲಿರುವಾಗಲೇ ರುಬ್ಬಿ ಮುಗಿಸಿದರೆ ಬ್ಯಾಟರಿ ಸಣ್ಣದು ಸಾಕು, ಖರ್ಚು ತುಂಬ ಇಳಿಯುತ್ತದೆ ಎಂದು ಅವನು ಲೆಕ್ಕ ಹಾಕಿದ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಈಗ ಮಾಡಿನ ಮೇಲೆ ಪ್ಯಾನೆಲ್ಲು ಕೂತಿದೆ. ಹೋದ ನಾಲ್ಕು ಮನೆಗಳಲ್ಲಿ ಮೂರು ತಿರುಗಿ ಬಂದಿವೆ. ಬ್ಯಾಟರಿ ಸಣ್ಣದಾದ್ದರಿಂದ ಗ್ರೈಂಡರು ಹಾಕುವ ಮೊದಲು ಮೋಡವಿಲ್ಲವೆಂದು ಯಾರಾದರೂ ನೋಡಿ ಹೇಳಬೇಕು. ಕೆಲಸವಿರುವವರಿಗೆ ಅಷ್ಟು ಹೊತ್ತು ಆಕಾಶ ನೋಡುತ್ತ ನಿಲ್ಲಲು ಆಗುವುದಿಲ್ಲ, ಹಾಗಾಗಿ ಅದು ನನ್ನ ಪಾಲಿಗೆ ಬಂದಿದೆ. ದಿನಾ ಹತ್ತೂವರೆಗೆ ಅಂಗಳದಲ್ಲಿ ತಲೆಯೆತ್ತಿ ನಿಲ್ಲುತ್ತೇನೆ. ಒಳಗಿನಿಂದ ಭಾರತಿ, “ಮೋಡ ಇದ್ದಾ?” ಎಂದು ಕೇಳುತ್ತಾಳೆ.

“ಇಲ್ಲೆ, ಹಾಕಲಕ್ಕು” ಎಂದು ಗ್ರೈಂಡರಿಗೆ ಅಪ್ಪಣೆ ಕೊಡುತ್ತೇನೆ. ಆದರೂ ಅವಳು ಒಮ್ಮೆ ಹೊರಗೆ ಬಂದು ತಾನೇ ನೋಡಿ ಹೋಗುತ್ತಾಳೆ.