ಪ್ಯಾಕಿಂಗ್ ತೂಗುವಂತಿಲ್ಲ

ಟ್ಯಾಬ್ಲೆಟ್ಟು ಲ್ಯಾಪ್‌ಟಾಪಿಗಿಂತ ಉತ್ತಮ ಅನ್ನೋದು ತೂಕ ಮತ್ತು ಅಳತೆ ಕಚೇರಿಯಲ್ಲಿ ಒಂದು ಸೋಮವಾರ ಬೆಳಗ್ಗೆ, ಸಕಲ ಸಿಬ್ಬಂದಿಯ ಸಮ್ಮುಖದಲ್ಲಿ ಸಾಬೀತಾಯ್ತು. ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ಟೈಪಿಸ್ಟ್ ಅಕ್ಕನ ಲ್ಯಾಪ್‌ಟಾಪ್ ಇಟ್ರು, ಇನ್ನೊಂದಕ್ಕೆ ಹೊಸ ಟ್ಯಾಬ್ಲೆಟ್ಟು. ಲ್ಯಾಪ್‌ಟಾಪಿನ ತಟ್ಟೆ ಧಡ್ ಅಂತ ಮೇಜಿಗೆ ಬಡೀತು. ಟ್ಯಾಬ್ಲೆಟ್ಟು ಸರ್ರಂತ ಮೇಲೆ ಹೋಗಿ ಅಲ್ಲೇ ತೂಗಾಡ್ತಾ ನಿಂತ್ಕೊಂತು. ಸಾಹೇಬರು ಚಪ್ಪಾಳೆ ತಟ್ಟಿದ್ರು. ಅವರು ತಟ್ಟಿದ್ಮೇಲೆ ಹೆಡ್ ಕ್ಲರ್ಕೂ ತಟ್ಟಿದ್ರು. ಪರೀಕ್ಷೆ ಮುಗೀತು.

ಮೇಲಿನ ಕಚೇರಿಯಿಂದ ಬಂದಿದ್ದ ಪ್ರಶ್ನೆ ಇಷ್ಟೇ: "ದಿನನಿತ್ಯದ ಕೆಲಸಕ್ಕೆ ಲ್ಯಾಪ್‌ಟಾಪಿನ ಬದಲು ಟ್ಯಾಬ್ಲೆಟ್ ಸಾಕಾಗುವುದೇ ಎಂಬುದನ್ನು ಪರೀಕ್ಷಿಸಿ ವರದಿ ಸಲ್ಲಿಸತಕ್ಕದ್ದು." ಬೇರೆ ಕಚೇರಿಯವರಾಗಿದ್ರೆ ಅದರಲ್ಲಿ ನಾಲ್ಕಕ್ಷರ ಒತ್ತಿ ನೋಡ್ತಿದ್ರೋ ಏನೋ. ಇದು ತೂಕದ ಕಚೇರಿ ಸ್ವಾಮಿ. ಇಲ್ಲಿಯವರು ಮಗಳಿಗೆ ಗಂಡು ನೋಡೋಕೆ ಹೋದ್ರೂ ಮೊದಲು ತಟ್ಟೆ ಮೇಲೆ ಕೂರಿಸ್ತಾರೆ.

ಸಂಜೆಯೊಳಗೆ ಗೋಡೆಗೆ ಸುತ್ತೋಲೆ ಬಿತ್ತು.

"ಹಗುರ ಆಡಳಿತವೇ ಉತ್ತಮ ಆಡಳಿತವಾಗಿರುವುದರಿಂದ, ಈ ಕಚೇರಿಯಲ್ಲಿ ಇನ್ನು ಮುಂದೆ ಲ್ಯಾಪ್‌ಟಾಪ್ ಇರುವುದಿಲ್ಲ. ಎಲ್ಲಾದರೂ ಕಂಡುಬಂದಲ್ಲಿ ಅದು ಇಲ್ಲವೆಂದೇ ಭಾವಿಸತಕ್ಕದ್ದು. ಟ್ಯಾಬ್ಲೆಟ್ ಎಷ್ಟು ಹೊತ್ತು ಬೆಳಗುತ್ತಿರುತ್ತದೆಯೋ ಅಷ್ಟು ಹೊತ್ತು ನೌಕರನು ದುಡಿದನೆಂದು ಮೇಲಿನ ಕಚೇರಿಯು ಪರಿಗಣಿಸುವುದು. ಟ್ಯಾಬ್ಲೆಟ್ ಹಗುರವಾಗಿರುವುದರಿಂದ ಅದನ್ನು ಮನೆಗೆ ಒಯ್ಯದಿರಲು ಯಾವ ಕಾರಣವನ್ನೂ ಒಪ್ಪಲಾಗುವುದಿಲ್ಲ."

ಹಳೇ ಲ್ಯಾಪ್‌ಟಾಪ್‌ಗಳನ್ನೆಲ್ಲ ಗುಜರಿಗೆ ತಗೊಂಡಿದ್ದು ಸಾಹೇಬರ ಭಾವಮೈದ. ತೂಕದ ಲೆಕ್ಕದಲ್ಲೇ ತಗೊಂಡ. ಅದೇ ತಕ್ಕಡಿ. ಬೆಳಗ್ಗೆ ಧಡ್ ಅಂದಿದ್ದ ಲ್ಯಾಪ್‌ಟಾಪು ಸಂಜೆಗೆ ಒಣಗಿದ ಎಲೆಯಷ್ಟು ಹಗುರ ಆಗಿತ್ತು. ತಕ್ಕಡಿ ಸರಿಯಿಲ್ಲ ಅಂತ ಯಾರಾದ್ರೂ ಅಂದಾರಾ? ಕಚೇರಿದೇ ಮುದ್ರೆ ಇತ್ತಲ್ಲ ಅದರ ಮೇಲೆ. ಸಾಹೇಬರ ಲ್ಯಾಪ್‌ಟಾಪ್ ಒಂದನ್ನ ಮಾತ್ರ ಗಾಜಿನ ಕಪಾಟಲ್ಲಿಟ್ಟು "ಹಿಂದಿನ ಕಾಲದ ಉಪಕರಣ" ಅಂತ ಚೀಟಿ ಅಂಟಿಸಿದ್ರು. ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರ್ಲಿಲ್ಲ.

ಆಮೇಲೆ ಸಾಹೇಬರು ಟೈಪಿಸ್ಟ್ ಅಕ್ಕನ್ನ ಒಳಗೆ ಕರೆದ್ರು. ಈ ಅಕ್ಕನ ಕಥೆ ಬೀದಿಗೆಲ್ಲ ಗೊತ್ತಿರೋದೇ. ತಾತ್ಕಾಲಿಕ ಅಂತ ಕೆಲಸಕ್ಕೆ ಸೇರಿದಾಗ ತೊಟ್ಟಿಲಲ್ಲಿದ್ದ ಮಗ ಈಗ ಅಪ್ಪನ ರೇಜರ್ ಕದ್ದು ಗಡ್ಡ ಹೆರ್ಕೊಳ್ತಾನೆ. ಅವಳು ಮಾತ್ರ ಇನ್ನೂ ತಾತ್ಕಾಲಿಕ. ಅವಳನ್ನ ಪರ್ಮನೆಂಟ್ ಮಾಡೋ ಫೈಲು ಸಾಹೇಬರ ಮೇಜಿನ ಮೇಲೇ ಇದೆ, ಬಿಸಿ ಲೋಟದಡಿ ಇಡೋಕೆ ಅನುಕೂಲ ಅಂತ.

"ಒಂದು ತಿಂಗಳು ಇದರಲ್ಲೇ ಕೆಲಸ ಮಾಡಿ ವರದಿ ಕೊಡ್ಬೇಕಮ್ಮ, ನೀವೇ," ಅಂದ್ರು ಸಾಹೇಬರು.

"ಸಾರ್, ಇದಕ್ಕೆ ಒತ್ತೋ ಗುಂಡಿಗಳೇ ಇಲ್ವಲ್ಲ?"

"ಅದೇ ಅಲ್ವೇನ್ರಿ ಪ್ರಗತಿ! ಗುಂಡಿ ಇಲ್ಲ ಅಂದ್ಮೇಲೆ ಟೈಪಿಂಗ್ ಅನ್ನೋ ಕಷ್ಟಾನೇ ಇಲ್ಲ."

"ಟೈಪಿಂಗ್ ಇಲ್ಲ ಅಂದ್ರೆ... ಟೈಪಿಸ್ಟು?"

"ಟೈಪಿಸ್ಟೂ ಬೇಡ ಅಂತ ಆಗುತ್ತೆ. ಅದನ್ನ ನೀವು ಚೆನ್ನಾಗಿ ಸಾಬೀತು ಮಾಡ್ಬೇಕು."

"ಸಾಬೀತು ಆಗ್ಲಿಲ್ಲ ಅಂದ್ರೆ ಸಾರ್?"

"ಕೊಟ್ಟ ಕೆಲಸ ಮಾಡೋಕೆ ಬರಲ್ಲ ಅಂತಾಯ್ತು. ಬರದೇ ಇರೋರನ್ನ ಇಟ್ಕೊಂಡು ಪೂಜೆ ಮಾಡ್ಲಾ?"

"ಹೌದ್ಸಾರ್," ಅಂದ್ರು ಹೆಡ್ ಕ್ಲರ್ಕು. ಅವರ ಹೆಸರೇ ಹೌದ್ಸಾರ್. ತಾಯಿ ತಂದೆ ಇಟ್ಟಿದ್ದು ಬೇರೇನೋ ಇತ್ತಂತೆ, ಈಗ ಅವರಿಗೂ ನೆನಪಿಲ್ಲ.

ಅಕ್ಕ ಮನೆಗೆ ಬಂದು ಬ್ಯಾಗ್ ಬಿಸಾಕಿ ಕೂತ್ಲು. ಅತ್ತೆ ಟಿವಿ ಮುಂದಿಂದ ಕತ್ತು ತಿರುಗಿಸದೇ ಕೇಳಿದ್ರು: "ಪರ್ಮನೆಂಟ್ ಆಯ್ತೇನೇ?"

"ಗೆದ್ರೆ ಕೆಲಸ ಹೋಗುತ್ತೆ, ಸೋತ್ರೂ ಹೋಗುತ್ತೆ ಅತ್ತೆ."

"ಆ ಭಾಗ್ಯಕ್ಕೆ ದಿನಾ ಬೆಳಗ್ಗೆ ನನ್ನ ಕಾಫಿ ತಡ ಮಾಡಿ ಓಡ್ತೀಯಾ?" ಅಂದ್ರು ಅತ್ತೆ. ಆ ಹೆಂಗಸಿನ ನಾಲಿಗೆಗೆ ಸಾಣೆ ಹಿಡಿಯೋ ಅಗತ್ಯ ಯಾವತ್ತೂ ಬಿದ್ದಿಲ್ಲ.

ಮಾರನೇ ದಿನದಿಂದ ಪರೀಕ್ಷೆ ಶುರು. ಅಂಗಡಿಯವರು ತಕ್ಕಡಿ ತಂದು ತೋರಿಸ್ತಾರೆ, ಅಕ್ಕ ಸರ್ಟಿಫಿಕೇಟು ಬರೀಬೇಕು. ಇವಳು ಗಾಜಿನ ಮೇಲೆ ಬೆರಳಿಟ್ಟ ತಕ್ಷಣ ಕೆಳಗಿಂದ ಅಕ್ಷರದ ಮಣೆಯೊಂದು ಎದ್ದು ಅರ್ಧ ಸರ್ಟಿಫಿಕೇಟು ನುಂಗಿಬಿಡೋದು. ಮೇಲಿನ ಅರ್ಧದಲ್ಲಿ ಅಂಗಡಿಯವರ ಹೆಸರು, ಕೆಳಗಿನ ಅರ್ಧದಲ್ಲಿ ತೂಕ. ಹೀಗಾಗಿ ಹೆಸರು ಮಾತ್ರ ಬರೆದು, ತೂಕ ಖಾಲಿ ಬಿಟ್ಟು ಸರ್ಟಿಫಿಕೇಟು ಹೋಗೋಕೆ ಶುರುವಾದ್ವು.

"ಸಾರ್, ಇದರಲ್ಲಿ ತೂಕಾನೇ ಇಲ್ಲ," ಅಂದ್ಲು ಅಕ್ಕ.

"ಹೆಸರಿದೆಯಲ್ಲ? ಮನುಷ್ಯರ ಮೇಲೆ ನಂಬಿಕೆ ಇಡೋದು ಕಲೀರಿ," ಅಂದ್ರು ಸಾಹೇಬರು.

ಟ್ಯಾಬ್ಲೆಟ್ಟನ್ನ ಸ್ವಲ್ಪ ವಾಲಿಸಿದ್ರೆ ಪರದೆ ತಾನೂ ಮಗ್ಗುಲು ಬದಲಾಯಿಸೋದು. ಹೌದ್ಸಾರ್ ದಿನಾ ತಲೆ ಭುಜಕ್ಕೆ ಒರಗಿಸಿ ಓದಿ ಓದಿ ಕತ್ತು ಉಳುಕಿಸ್ಕೊಂಡ್ರು. ಪಾಪ, ಅವತ್ತಿಂದ ಅವರಿಗೆ ಇಲ್ಲ ಅನ್ನೋ ಹಾಗೆ ತಲೆ ಅಲ್ಲಾಡಿಸೋಕೆ ಆಗೋದೇ ಇಲ್ಲ. ಯಾರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಅನ್ನಿ.

ಟ್ಯಾಬ್ಲೆಟ್ಟಿಗೆ ಇದ್ದದ್ದು ಒಂದೇ ತೂತು. ಚಾರ್ಜರ್ ಸಿಕ್ಕಿಸಿದ್ರೆ ಪ್ರಿಂಟರ್‌ಗೆ ಜಾಗ ಇಲ್ಲ, ಪ್ರಿಂಟರ್ ಸಿಕ್ಕಿಸಿದ್ರೆ ಟ್ಯಾಬ್ಲೆಟ್ಟಿಗೆ ಉಸಿರಿಲ್ಲ. ಭಾವಮೈದ ನಾಲ್ಕು ಬಾಯಿಯ ಒಂದು ಪ್ಲಗ್ಗು ತಂದುಕೊಟ್ಟ. ಅಕ್ಷರದ ಮಣೆ ಏಳದೇ ಇರಲಿ ಅಂತ ಹೊರಗಿನ ಕೀಬೋರ್ಡು ತಂದ. ವಾಲದೇ ಇರಲಿ ಅಂತ ಕಬ್ಬಿಣದ ಸ್ಟ್ಯಾಂಡು ತಂದ. ಮೌಸು ತಂದ. ಚಾರ್ಜ್ ಮುಗಿದ್ರೆ ಅಂತ ಇಟ್ಟಿಗೆ ಗಾತ್ರದ ಪವರ್ ಬ್ಯಾಂಕ್ ತಂದ. ಇದನ್ನೆಲ್ಲ ಹೊರೋಕೆ ಒಂದು ಬ್ಯಾಗು ತಂದ. ಬಿಲ್ಲುಗಳನ್ನ ಮಾತ್ರ ಹಗುರವಾಗಿ ಒಂದೇ ಲಕೋಟೆಯಲ್ಲಿ ತಂದ. ಮೊದಲು ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ಹೋಗ್ತಿದ್ದ ಅಕ್ಕ ಈಗ ಎರಡು ಹೆಗಲಿಗೂ ಪಟ್ಟಿ ಹಾಕ್ಕೊಂಡು ಬಗ್ಗಿ ನಡೀತಿದ್ಲು. ಎದುರುಮನೆಯವರು ಮನೆ ಖಾಲಿ ಮಾಡ್ತಿದ್ದಾಳೆ ಅಂದ್ಕೊಂಡ್ರು.

ತಿಂಗಳ ಮಧ್ಯದಲ್ಲಿ ಮೇಲಿನ ಕಚೇರಿಯಿಂದ ಒಬ್ಬರು ಮೇಡಂ ತಪಾಸಣೆಗೆ ಬಂದ್ರು. ಅವತ್ತು ಬಾಗಿಲಲ್ಲಿ ಬೇಕರಿಯವನೂ ನಿಂತಿದ್ದ. ಅವನು ಕೇಕನ್ನ ಡಬ್ಬದ ಸಮೇತ ತೂಗಿ ಮಾರಿದ್ದಕ್ಕೆ ಕಚೇರಿಯವರು ದಂಡ ಹಾಕಿದ್ರು. ದಂಡ ಬಿಡಿ ಸಾರ್ ಅಂತ ದಿನಾ ಬಂದು ಗೋಗರೀತಿದ್ದ.

ಮೇಡಂ ಅಕ್ಕನ ಬ್ಯಾಗಿಗೆ ಕೈ ಹಾಕಿ ಎತ್ತೋಕೆ ಹೋದ್ರು. ಬ್ಯಾಗು ಏಳ್ಲಿಲ್ಲ, ಮೇಡಂ ಸೊಂಟ ಹಿಡ್ಕೊಂಡು ಕೂತ್ರು.

"ಏನ್ರೀ ಇದು, ಕಲ್ಲು ತುಂಬಿದೀರಾ?"

"ಟ್ಯಾಬ್ಲೆಟ್ ಮೇಡಂ," ಅಂದ್ಲು ಅಕ್ಕ.

"ತೂಗಿ," ಅಂದ್ರು ಮೇಡಂ. ಅವರೂ ಅದೇ ಇಲಾಖೆಯವರು ತಾನೇ.

ಗಾಜಿನ ಕಪಾಟಿನಿಂದ ಹಿಂದಿನ ಕಾಲದ ಉಪಕರಣ ತೆಗೆದು ಒಂದು ತಟ್ಟೆಗೆ ಇಟ್ರು. ಇನ್ನೊಂದು ತಟ್ಟೆಗೆ ಬ್ಯಾಗು. ಈ ಸಲ ಲ್ಯಾಪ್‌ಟಾಪು ಎಷ್ಟು ರಭಸದಲ್ಲಿ ಮೇಲೆ ಹಾರಿತು ಅಂದ್ರೆ ಹೌದ್ಸಾರ್ ಹಿಡ್ಕೊಳ್ದೇ ಇದ್ದಿದ್ರೆ ಫ್ಯಾನಿಗೆ ತಗಲ್ತಿತ್ತು.

ಸಾಹೇಬರು ಬೆವರು ಒರೆಸ್ಕೊಂಡು, ಸಾಹೇಬರಾದೋರು ಮಾಡೋದನ್ನೇ ಮಾಡಿದ್ರು.

"ಇದೆಲ್ಲ ಈ ಟೈಪಿಸ್ಟ್‌ದೇ ಕೆಲಸ ಮೇಡಂ. ಹಗುರ ವಸ್ತುನ ಕೊಟ್ರೆ ಭಾರ ಮಾಡಿಟ್ಟಿದ್ದಾಳೆ. ಇವತ್ತೇ ತೆಗೆದುಹಾಕ್ತೀನಿ."

"ಹೌದ್ಸಾರ್."

ತನ್ನ ಫೈಲಿನ ಮೇಲಿದ್ದ ಲೋಟ ಅಕ್ಕನ ಕಣ್ಣಿಗೆ ಬಿತ್ತು. ಆ ಹೊತ್ತಿಗೇ ಬಾಗಿಲಲ್ಲಿದ್ದ ಬೇಕರಿಯವನು, ಸಮಯ ಸಂದರ್ಭ ಅನ್ನೋದೇ ಗೊತ್ತಿಲ್ಲದ ಪ್ರಾಣಿ, ಮತ್ತೆ ಶುರು ಮಾಡಿದ: "ಸಾರ್, ನನ್ನ ಡಬ್ಬದ ವಿಷಯ ಸ್ವಲ್ಪ..."

ಅಕ್ಕ ಅವನ ಮುಖ ನೋಡಿದ್ಲು, ಬ್ಯಾಗು ನೋಡಿದ್ಲು, ಬಾಯಿಗೆ ಬಂದಿದ್ದನ್ನ ಅಂದೇಬಿಟ್ಲು: "ಸಾರ್, ಅದೆಲ್ಲ ಪ್ಯಾಕಿಂಗು!"

"ಏನಂದ್ರಿ?"

"ಟ್ಯಾಬ್ಲೆಟ್ ಒಂದೇ ಸಾರ್ ಸರಕು. ಮಿಕ್ಕಿದ್ದೆಲ್ಲ ಪ್ಯಾಕಿಂಗು. ಪ್ಯಾಕಿಂಗ್ ತೂಗೋ ಹಾಗಿಲ್ವಲ್ಲ?"

ಸಾಹೇಬರ ಮುಖಕ್ಕೆ ರಕ್ತ ವಾಪಸ್ ಬಂತು. "ಮೇಡಂ, ಇದು ನಮ್ಮ ಮೂಲ ನಿಯಮ. ಸರಕನ್ನು ತೂಗುವಾಗ ಪ್ಯಾಕಿಂಗ್ ತೂಗುವಂತಿಲ್ಲ. ಬೇಕಿದ್ರೆ ಇವರನ್ನೇ ಕೇಳಿ, ಇದಕ್ಕೇ ದಂಡ ಕಟ್ಟಿದಾರೆ."

"ಇನ್ನೂ ಕಟ್ಟಿಲ್ಲ ಸಾರ್," ಅಂದ ಬೇಕರಿಯವನು.

"ಕಟ್ತಾರೆ ಮೇಡಂ."

ಮೇಡಂ ಟ್ಯಾಬ್ಲೆಟ್ ಒಂದನ್ನೇ ತೆಗೆದು ತಟ್ಟೆಗಿಟ್ರು. ಅದು ಮೇಲೆ ಹೋಯ್ತು. ಕಚೇರಿ ಹಗುರವಾಗಿದೆ ಅಂತ ಬರ್ಕೊಂಡು, ಸೊಂಟಕ್ಕೆ ಕೈ ಕೊಟ್ಕೊಂಡು ಮೇಡಂ ಕಾರು ಹತ್ತಿದ್ರು.

ಸಂಜೆಗೆ ಹೊಸ ಸುತ್ತೋಲೆ.

"ಟ್ಯಾಬ್ಲೆಟ್ಟನ್ನು ಒಳಗೊಂಡ, ಒಳಗೊಳ್ಳಬಹುದಾದ, ಅಥವಾ ಅದರ ಪಕ್ಕದಲ್ಲಿ ಇಡಬಹುದಾದ ಯಾವುದೇ ವಸ್ತುವು ಪ್ಯಾಕಿಂಗ್ ಎನಿಸಿಕೊಳ್ಳುವುದು. ಪ್ಯಾಕಿಂಗ್‌ನ ತೂಕ, ಬೆಲೆ ಮತ್ತು ಮೂಲದ ಬಗ್ಗೆ ಯಾರೂ ಪ್ರಶ್ನಿಸತಕ್ಕದ್ದಲ್ಲ."

ವಾರದೊಳಗೆ ಭಾವಮೈದ "ಮಡಚುವ ಗಟ್ಟಿ ಪ್ಯಾಕಿಂಗ್, ಗುಂಡಿ ಹಾಗೂ ಪರದೆ ಸಹಿತ" ಅನ್ನೋ ಹೊಸ ಮಾಲು ಇಳಿಸಿದ. ಅಕ್ಕ ತನ್ನ ಪಾಲಿನದನ್ನ ಬಿಚ್ಚಿ ನೋಡ್ತಾಳೆ, ಮೂಲೆಯಲ್ಲಿ ಮಗ ಚಿಕ್ಕವನಿದ್ದಾಗ ಅಂಟಿಸಿದ್ದ ಮೀನಿನ ಚಿತ್ರ!

"ಅಯ್ಯೋ, ಇದು ನನ್ನ ಲ್ಯಾಪ್‌ಟಾಪ್ ಅಲ್ವೇನಪ್ಪ?"

"ಶ್! ಅಕ್ಕಾ, ಆ ಹೆಸರು ಎತ್ಬೇಡಿ, ನಿಷೇಧ ಆಗಿದೆ," ಅಂದ ಭಾವಮೈದ. "ಇದು ಪ್ಯಾಕಿಂಗು."

"ಹೌದ್ಸಾರ್," ಅಂದ್ರು ಹೆಡ್ ಕ್ಲರ್ಕು, ಅಭ್ಯಾಸಬಲದಿಂದ.

ಅವತ್ತಿಂದ ಕಚೇರಿಯಲ್ಲಿ ಕೆಲಸ ಸರಾಗ. ಅಕ್ಕ ಪ್ಯಾಕಿಂಗಿನ ಗುಂಡಿ ಒತ್ತಿ, ಪ್ಯಾಕಿಂಗಿನ ಪರದೆ ನೋಡಿ, ಪ್ಯಾಕಿಂಗಿಗೆ ಪ್ರಿಂಟರ್ ಸಿಕ್ಕಿಸಿ ಸರ್ಟಿಫಿಕೇಟು ಕೊಡೋಳು. ತೂಕಾನೂ ಇರ್ತಿತ್ತು. ಟ್ಯಾಬ್ಲೆಟ್ಟು ಪಕ್ಕದಲ್ಲಿ ಕಪ್ಪಗೆ ಮಲಗಿರ್ತಿತ್ತು.

ಅಲ್ಲೇ ಇನ್ನೊಂದು ಎಡವಟ್ಟು. ಮೇಲಿನ ಕಚೇರಿಯಿಂದ ಎಚ್ಚರಿಕೆ ಬಂತು: "ನಿಮ್ಮ ಟ್ಯಾಬ್ಲೆಟ್ ಇತ್ತೀಚೆಗೆ ಬೆಳಗುತ್ತಿಲ್ಲ. ಅಂದರೆ ನೀವು ಕೆಲಸ ಮಾಡುತ್ತಿಲ್ಲ. ತಿಂಗಳ ಕೊನೆಗೆ ಅತಿ ಹೆಚ್ಚು ಬೆಳಗಿಸಿದವರನ್ನು ಖಾಯಂಗೊಳಿಸಲಾಗುವುದು. ಅತಿ ಕಡಿಮೆ ಬೆಳಗಿಸಿದವರನ್ನು ಮನೆಗೆ ಕಳಿಸಲಾಗುವುದು."

ಅಕ್ಕ ಸೋತು ಸುಣ್ಣವಾಗಿ ಮನೆಗೆ ಬಂದು, ಟ್ಯಾಬ್ಲೆಟ್ಟನ್ನ ಮಂಚದ ಮೇಲೆ ಎಸೆದು ಅಡುಗೆಮನೆಗೆ ಹೋದ್ಲು. ಆಚೆ ಬಂದು ನೋಡಿದ್ರೆ ಅತ್ತೆ ಅದನ್ನ ತೊಡೆ ಮೇಲಿಟ್ಕೊಂಡು ಕೂತಿದಾರೆ. ಮೊಮ್ಮಗ ಸೀರಿಯಲ್ ಹಾಕ್ಕೊಟ್ಟಿದ್ದ.

"ಕೊಡಿ ಅತ್ತೆ, ಅದು ಆಫೀಸಿಂದು."

"ತಡೀ, ಆ ಹಾಳಾದೋಳು ವಿಷ ಬೆರೆಸ್ತಿದ್ದಾಳೆ. ಕುಡೀತಾನಾ ಇಲ್ವಾ ನೋಡ್ಬಿಟ್ಟು ಕೊಡ್ತೀನಿ."

ಸೀರಿಯಲ್‌ನವನು ಅದನ್ನ ಕುಡಿಯೋಕೆ ವಾರ ಹಿಡೀತು. ಅಷ್ಟು ದಿನ ಟ್ಯಾಬ್ಲೆಟ್ಟು ಅತ್ತೆ ತೊಡೆ ಬಿಟ್ಟು ಏಳ್ಲಿಲ್ಲ. ಅಕ್ಕ ಖಾಲಿ ಕೈಲೇ ಕಚೇರಿಗೆ ಹೋದ್ಲು. ಯಾರೂ ಕೇಳ್ಲಿಲ್ಲ. ಮೇಜಿನ ಮೇಲೆ ಪ್ಯಾಕಿಂಗ್ ಇತ್ತಲ್ಲ, ಒಳಗೆ ಸರಕು ಇದೆ ಅಂತಾನೇ ಎಲ್ಲರೂ ತಿಳ್ಕೊಂಡ್ರು.

ತಿಂಗಳ ಕೊನೆಗೆ ಮೇಡಂ ಬೆಲ್ಟು ಕಟ್ಕೊಂಡ ಸೊಂಟದಲ್ಲೇ ವೇದಿಕೆ ಹತ್ತಿದ್ರು. "ಇಡೀ ಇಲಾಖೆಯಲ್ಲಿ ಈ ಹೆಣ್ಣುಮಗಳಷ್ಟು ದುಡಿದವರು ಇನ್ನೊಬ್ಬರಿಲ್ಲ," ಅಂದ್ರು. "ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಕೂರ್ತಾರೆ. ಭಾನುವಾರವೂ ರಜೆ ಹಾಕಿಲ್ಲ. ಮಧ್ಯಾಹ್ನ ಊಟ ಆದ್ಮೇಲೆ ಸ್ವಲ್ಪ ಹೊತ್ತು ಮಾತ್ರ ಬಿಡುವು ಕಾಣಿಸುತ್ತೆ. ಅಷ್ಟು ದಣಿವಾಗಬಾರದಾ?"

ಅದು ಅತ್ತೆ ಕೋಳಿನಿದ್ದೆ ಮಾಡೋ ಹೊತ್ತು.

ಸಾಹೇಬರು ಲೋಟ ಪಕ್ಕಕ್ಕಿಟ್ಟು ಫೈಲಿಗೆ ಸಹಿ ಹಾಕಿದ್ರು. ಅಕ್ಕ ಪರ್ಮನೆಂಟ್ ಆದ್ಲು. ಟೈಪಿಸ್ಟ್ ಹುದ್ದೆ ರದ್ದಾಗಿದ್ರಿಂದ "ಪ್ಯಾಕಿಂಗ್ ನಿರ್ವಾಹಕಿ" ಅಂತ ಹೊಸ ಹುದ್ದೆ ಹುಟ್ಟಿಸಿದ್ರು. ವರದಿಯೂ ಹೋಯ್ತು: "ದಿನನಿತ್ಯದ ಕೆಲಸಕ್ಕೆ ಟ್ಯಾಬ್ಲೆಟ್ ಧಾರಾಳವಾಗಿ ಸಾಕು, ಸೂಕ್ತ ಪ್ಯಾಕಿಂಗ್ ಇದ್ದಲ್ಲಿ." ಬೇಕರಿಯವನು ದಂಡ ಕಟ್ಟಿದ, ಅವನ ಡಬ್ಬಕ್ಕೆ ಗುಂಡಿ ಇರ್ಲಿಲ್ಲ.

ಆ ಸಂಜೆ ಅಕ್ಕ ಹಾರ ಹಾಕ್ಕೊಂಡೇ ಮನೆಗೆ ಬಂದ್ಲು. ಅತ್ತೆ ಮಂಚದ ಮೇಲೆ ಕೂತು ಟ್ಯಾಬ್ಲೆಟ್ ನೋಡ್ತಿದ್ರು. ಒಲೆ ಮೇಲೆ ಹಾಲು ಉಕ್ಕಿ ಕೆಳಗೆ ಹರೀತಿತ್ತು.

"ಅತ್ತೆ, ಹಾಲು ನೋಡ್ಬಾರ್ದಾ?"

ಅತ್ತೆ ಕನ್ನಡಕದ ಮೇಲಿಂದ ಒಂದು ಸಲ ನೋಡಿದ್ರು. "ಕಣ್ಣು ಕಾಣಿಸಲ್ವೇನೇ ನಿಂಗೆ? ಡ್ಯೂಟಿ ಮೇಲಿದೀನಿ."

ಅಕ್ಕ ಒಲೆ ಆರಿಸಿ, ಸಾಹೇಬರ ಕೋಣೆಯಿಂದ ಆಚೆ ಬರೋವಾಗ ಮಾಡೋ ಹಾಗೆ, ಬಾಗಿಲನ್ನ ಸದ್ದಾಗದಂತೆ ಮೆಲ್ಲಗೆ ಮುಂದಕ್ಕೆ ಎಳ್ಕೊಂಡ್ಲು.