ಹೂಜಿಗೆ ಕಾಗದದ ಕೋಟೆ

"ಒಂದು ಚೂರು ಪ್ಲಾಸ್ಟಿಕ್ಕೂ ಇವತ್ತು ಈ ಮನೆ ಹೊಸಿಲು ದಾಟಕೂಡದು!" ಎಂದು ಪರೀಕ್ಷಕರು ಊಟದ ಮೇಜು ಗುದ್ದಿ ಘೋಷಿಸಿದರು. ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡುವ ಕೆಲಸ ಅವರದು. ಇಪ್ಪತ್ತು ವರ್ಷದಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಮೊಳೆಯೂ ಆಚೆ ಹೋಗಿಲ್ಲ. ಮನೆಯಲ್ಲೂ ಅದೇ ದರ್ಬಾರು. ಹೊಸ ಬಲ್ಬನ್ನೂ ಮೂರು ಸಲ ಹಚ್ಚಿ ಆರಿಸದೆ ಒಳಗೆ ಬಿಡದ ಆಸಾಮಿ!

ಹೆಂಡತಿ ಮಣ್ಣಿನ ಪಾತ್ರೆ ಮಾಡುವವಳು. ಎರಡು ಸಲ ಭಟ್ಟಿಯಲ್ಲೇ ಬಿರುಕು ಬಿಟ್ಟು, ಮೂರನೇ ಸಲಕ್ಕೆ ದೇವರು ಕಣ್ಣುಬಿಟ್ಟು ಗಟ್ಟಿಯಾಗಿ ಬಂದ ನೀಲಿ ಹೂಜಿ ನಾಳೆ ಪ್ರದರ್ಶನಕ್ಕೆ ಮುಟ್ಟಬೇಕು. ಕೊರಿಯರ್‌ನವನು ನಾಲ್ಕಕ್ಕೆ ಬರುತ್ತಾನೆ.

"ರೀ, ಹೂಜಿ ಸುತ್ತೋಕೆ ಅಂಗಡಿಯಿಂದ ಪ್ಲಾಸ್ಟಿಕ್ ಗುಳ್ಳೆ ಹಾಳೆ ತನ್ನಿ ಅಂದ್ರೆ ಅದೇನು ಭಾಷಣ?"

"ಕಾಗದ ಸಾಕು ಕಣೇ! ಸಾಲಾಗಿ ಸೀಳು ಕೊಟ್ಟು ಎಳೆದ್ರೆ ಜೇನುಗೂಡಿನ ಥರ ಉಬ್ಬುತ್ತೆ. ಆನೆ ಬಿದ್ರೂ ಏನೂ ಆಗಲ್ಲ!"

"ಆನೆ ಕಥೆ ಬಿಡಿ, ನನ್ನ ಹೂಜಿ ಉಳಿದ್ರೆ ಸಾಕು."

ಮಧ್ಯಾಹ್ನದೊಳಗೆ ನಡುಮನೆ ರಣರಂಗ! ಕತ್ತರಿ ಕಚಕಚ ಅಂದಹಾಗೆಲ್ಲ ಕಾಗದದ ಗುಡ್ಡೆ ಬೆಳೆದು ಸೋಫಾವನ್ನೇ ನುಂಗಿತು. ಪರೀಕ್ಷಕರು ಹೂಜಿಯ ಸುತ್ತ ಏಳು ಸುತ್ತಿನ ಕೋಟೆ ಕಟ್ಟಿ, ಡಬ್ಬದಲ್ಲಿಟ್ಟು ಟೇಪು ಬಿಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಸುಖವಾಗಿರುತ್ತಿದ್ದರು. ಆದರೆ ಪರೀಕ್ಷೆ ಮಾಡದ ಮಾಲು ಆಚೆ ಹೋಗುವುದುಂಟೇ?

ಅವಳು ಕೈ ತೊಳೆದು ಬರುವಷ್ಟರಲ್ಲಿ ಡಬ್ಬ ಮೆಟ್ಟಿಲ ತುದಿಯಿಂದ ದಡದಡ ಉರುಳಿ ಬಂತು.

"ಅಯ್ಯೋ! ನಲವತ್ತು ದಿನದ ಕೆಲಸ ರೀ ಅದು!" ಎನ್ನುತ್ತ ಅವಳು ಓಡಿ ಬಂದಳು.

ಬಿಚ್ಚಿ ನೋಡಿದರೆ, ಒಂದು ಗೀರೂ ಇಲ್ಲ! ಅವಳು ಗಂಡನನ್ನು ಮೆಚ್ಚುಗೆಯಿಂದ ನೋಡಿದಳು. ಎಡವಟ್ಟಾಗಿದ್ದೇ ಅಲ್ಲಿ. ಅಪರೂಪದ ಮೆಚ್ಚುಗೆ ನೋಡಿ, ನೇರ ನೆತ್ತಿಗೇರಿತು. ಅಷ್ಟರಲ್ಲಿ ಕೊರಿಯರ್‌ನವನು ಬಂದ.

"ನೋಡಯ್ಯ, ಮೆಟ್ಟಿಲಿಂದ ಉರುಳಿದ ಹೂಜಿ!" ಎಂದು ಪರೀಕ್ಷಕರು ಅದನ್ನು ತಲೆಯ ಮೇಲಕ್ಕೆತ್ತಿ ಮೆರವಣಿಗೆ ಹೊರಟರು. ಕಾಲಡಿಗೆ ನುಣುಪು ಕಾಗದ ಸಿಕ್ಕಿತು. ಸರ್ರ್! ಹೂಜಿ ಹಾರಿತು. ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಮೊದಲು ಮೆತ್ತಗೆ "ಪುಸ್" ಎಂಬ ಸದ್ದು. ಹಿಂದೆಯೇ "ಧೊಪ್!"

ಹೂಜಿ ಕಾಗದದ ಗುಡ್ಡೆಯಲ್ಲಿ ಹಸುಗೂಸಿನಂತೆ ಮಲಗಿತ್ತು. ಪರೀಕ್ಷಕರು ಮಾತ್ರ, ಕಾಗದವೆಲ್ಲ ಮುಗಿದು ಬರೀ ನೆಲ ಶುರುವಾಗುವ ಜಾಗವನ್ನೇ ಹುಡುಕಿಕೊಂಡು ಬಿದ್ದಿದ್ದರು.

"ಸೊಂಟ ಹೋಯ್ತು ಕಣೇ..."

"ಇರಿ, ಬಂದೆ!" ಅವಳು ಮೊದಲು ಹೂಜಿಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ನಿಟ್ಟುಸಿರುಬಿಟ್ಟು, ಅದೇ ಕಾಗದದಲ್ಲಿ ತಾನೇ ಸುತ್ತಿ, ಡಬ್ಬ ಮುಚ್ಚಿ ಕೊಟ್ಟಳು.

ಕೊರಿಯರ್‌ನವನು ಚೀಟಿ ತೆಗೆದ. "ಒಡೆದದ್ದು, ಬಿರುಕು ಬಿಟ್ಟದ್ದು ಏನಾದ್ರೂ ಇದೆಯಾ ಅಂತ ಬರೀಬೇಕು, ಅಮ್ಮಾ."

"ಒಂದಿದೆ ಕಣಪ್ಪ," ಎಂದಳು ಅವಳು, ನೆಲದ ಮೇಲಿನ ಗಂಡನಿಗೆ ಕೈ ಕೊಟ್ಟು ಎಬ್ಬಿಸುತ್ತ. "ಆದ್ರೆ ಅದರ ವಾರಂಟಿ ಮುಗಿದು ಎಷ್ಟೋ ಕಾಲವಾಯ್ತು. ಯಾರೂ ವಾಪಸ್ ತಗೊಳ್ಳಲ್ಲ, ಇಲ್ಲೇ ಇರ್ಲಿ ಬಿಡು!"