ಅವ್ವನ ಮೈಮೇಲೆ ಬಂದ ನೆಗಡಿ

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ನಾನು ಸೀನಿದೆ. ಯಲಬುರ್ಗಾದ ನಮ್ಮ ಮನೆಯಲ್ಲಿ ಎಲ್ಲ ಕೆಟ್ಟದ್ದೂ ಶುರುವಾದದ್ದು ಆ ಗಳಿಗೆಯಿಂದ. ಕಷ್ಟ ಹೇಳಿ ಕೇಳಿ ಬರುವುದಿಲ್ಲ ಎನ್ನುತ್ತಾರೆ; ನಮ್ಮದು ಸದ್ದು ಮಾಡಿಯೇ ಬಂತು. ಆದರೆ ಒಳಗೆ ಬಂದಮೇಲೆ ಒಬ್ಬೊಬ್ಬರ ಹತ್ತಿರ ಒಂದೊಂದು ವೇಷ ಹಾಕಿತು. ನನ್ನ ಮೂಗು ಹಳ್ಳವಾಗಿ ಹರಿಯಿತು. ಹೆಂಡತಿ ಶಾಂತವ್ವ ಒಂದು ಸೀನೂ ಸೀನಲಿಲ್ಲ, "ಯಾರೋ ಒನಕಿಲೆ ಕುಟ್ಟಿದಂಗ ಆಗೇತ್ರಿ" ಎಂದು ಸೊಂಟ ಹಿಡಿದು ಕುಳಿತಳು. ಮಗಳಿಗೆ ಬರೀ ವಾಂತಿ. ಅಣ್ಣನಿಗೆ ಗಂಟಲು ಕಟ್ಟಿ ಧ್ವನಿಯೇ ಹೋಯಿತು. ಅವನ ಬೈಗುಳವಿಲ್ಲದೆ ಓಣಿ ನೆಮ್ಮದಿಯಾಗಿತ್ತು ಎಂದರೆ ಸುಳ್ಳಲ್ಲ.

ಹೈದರಾಬಾದಿನಲ್ಲಿ ಬಿ.ಎ. ಓದಿ ಬಂದು ಇಲ್ಲಿ ಮಾಸ್ತರನಾದ ನಾನು, ಇವೆಲ್ಲ ಬೇರೆ ಬೇರೆ ರೋಗ ಎಂದು ತೀರ್ಪು ಕೊಟ್ಟೆ. ನನ್ನದು ನೆಗಡಿ, ಅವಳದು ವಾಯು, ಮಗಳದು ಅಜೀರ್ಣ, ಅಣ್ಣನದು ಕರ್ಮಫಲ. ಅವ್ವನಿಗೆ ಮಾತ್ರ ಏನೂ ಆಗಿರಲಿಲ್ಲ. ಮೈ ಬಿಸಿಯಿಲ್ಲ, ಕೆಮ್ಮಿಲ್ಲ, ಊಟವನ್ನಷ್ಟೇ ಬಿಟ್ಟಿದ್ದಳು. ಮನೆಮಂದಿಗಾಗಿ ಹುಲಿಗೆಮ್ಮನಿಗೆ ಹರಕೆ ಹೊತ್ತು ಉಪವಾಸ ಹಿಡಿದಿದ್ದಾಳೆಂದು ತಿಳಿದು ನಾವು ಒತ್ತಾಯ ಮಾಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವ್ವ ಗೋಡೆಗೊರಗಿ ತೂಗುತ್ತ ಏನೇನೋ ಬಡಬಡಿಸತೊಡಗಿದಳು. ಪಕ್ಕದ ಮನೆಯ ಬಸಮ್ಮ ಇಣುಕಿದವಳೇ, "ಯವ್ವಾ, ಹುಲಿಗೆಮ್ಮ ಮೈಮ್ಯಾಲ ಬಂದಾಳ!" ಎಂದು ಕೂಗಿದಳು. ಉಪವಾಸದ ಮೈ, ಅಮ್ಮನ ವಾರ, ಯಾರಿಗೆ ಸಂಶಯ? ಪಡಸಾಲೆ ತುಂಬಿತು. ಅರಿಷಿಣ ಬಂತು, ಕಾಯಿ ಬಂತು. "ತಪ್ಪಿಸ್ಕೊಂಡ ನಮ್ಮ ಎಮ್ಮಿ ಎಲ್ಲೈತಿ ಹೇಳವ್ವಾ" ಎಂದು ಬಸಮ್ಮನೇ ಮೊದಲು ಕೇಳಿದಳು. "ಒಲಿ ಆರಿಸ್ರೆ" ಎಂದಳು ಅವ್ವ. ಒಲೆ ಎಂದರೆ ಕುಂಬಾರರು ಮಡಕೆ ಸುಡುವ ಆವಿಗೆ, ಎಮ್ಮೆ ಅವರ ಓಣಿಯಲ್ಲಿದೆ ಎಂದು ಜನ ಬಿಡಿಸಿ ಹೇಳಿದರು. ನಾನೂ ಮೂಗು ಒರೆಸಿಕೊಂಡು ಕೈಮುಗಿದೆ: "ತಾಯೀ, ನನಗ ಕೊಪ್ಪಳಕ್ಕ ವರ್ಗ ಆಗತೈತೇನು?"

ಅವ್ವ ನನ್ನನ್ನು ದಿಟ್ಟಿಸಿದಳು. "ನೀ ಯಾರ ಪೈಕಿಯೋ ಯಪ್ಪಾ?"

"ಮನೆತನ ಹೇಳ್ರಿ ಮಾಸ್ತರ, ದೇವಿ ಕೇಳಾಕತ್ತಾಳ" ಎಂದು ಬಸಮ್ಮ ತಿವಿದಳು. ಹೇಳಲು ಬಾಯಿ ತೆರೆದೆ. ದೇವಿಗೆ ಒಬ್ಬ ಮಾಸ್ತರನ ಗುರುತಿಲ್ಲದಿರಬಹುದು. ಆದರೆ ಕೇಳಿದ ಧ್ವನಿ ಅವ್ವನದೇ, ನೋಡಿದ ಕಣ್ಣೂ ಅವ್ವನದೇ. ಆಗ ಕಂಡಿತು: ಪಕ್ಕೆ ಕಮ್ಮಾರನ ತಿದಿಯಂತೆ ಏಳುತ್ತಿತ್ತು, ತುಟಿ ನೇರಳೆಯಾಗಿತ್ತು. ಬರಿಗಾಲಲ್ಲಿ ದವಾಖಾನೆಗೆ ಓಡಿದೆ.

ಡಾಕ್ಟರು ಬಂದು, ಜನರನ್ನು ಹೊರಗಟ್ಟಿ, ಎದೆಗೆ ನಳಿಗೆ ಹಚ್ಚಿ ಕೇಳಿದರು. "ಮನಿ ಮಂದಿಗೆಲ್ಲಾ ಒಂದ ಬ್ಯಾನಿ ಮಾಸ್ತರ. ಮುದುಕರಿಗೆ ಒಮ್ಮೊಮ್ಮಿ ಮೈ ಬಿಸಿ ಆಗಂಗಿಲ್ಲ. ಅನ್ನ ಬಿಡತಾರ, ಗುರುತು ಮರೀತಾರ. ಇನ್ನ ನಾಕು ಮಂದಿ ಪ್ರಶ್ನಿ ಕೇಳಿದ್ರ, ಉತ್ತರ ಹೇಳಾಕ ಅವ್ವ ಇರತಿದ್ದಿಲ್ಲ."

ಇಂದಿಗೂ ಆ ಮಾತು ನೆನಪಾದರೆ ಕೂತಲ್ಲಿ ಕೂರಲಾಗುವುದಿಲ್ಲ. ಗುಳಿಗೆ, ಗಂಜಿ, ಎದೆಗೆ ಶಾಖ ಎಲ್ಲ ನಡೆಯಿತು. ಅವ್ವ ನನ್ನ ಹೆಸರು ಹಿಡಿದು ಕರೆದಮೇಲೂ ನನಗೆ ನಂಬಿಕೆ ಬರಲಿಲ್ಲ. ಅವಳು ಕಣ್ಣು ಮುಚ್ಚಿದರೆ ಸಾಕು, ಎದ್ದು ಹೋಗಿ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದೆ. ನನ್ನ ಓಡಾಟಕ್ಕೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕೊನೆಗೆ ಅಮಾವಾಸ್ಯೆಯ ರಾತ್ರಿ ಅವ್ವ ಆ ಕೈಯನ್ನು ಎಳೆದು ತನ್ನ ತಲೆಯ ಕೆಳಗೆ ಒತ್ತಿಟ್ಟುಕೊಂಡಳು. "ನಾ ಇನ್ನೂ ಸತ್ತಿಲ್ಲೋ ತಮ್ಮಾ. ಸತ್ತಾಗ ನಾನ ಎಬ್ಬಸ್ತೇನಿ, ಮಲಕೋ."

ಅಂದು ಎಲ್ಲರೂ ಬೆಳಗಿನವರೆಗೆ ಮಲಗಿದೆವು. ನಾನು ಕಣ್ಣು ಬಿಟ್ಟಾಗ ಬಿಸಿಲು ಪಡಸಾಲೆಗೆ ಬಂದಿತ್ತು. ಅವ್ವ ನನ್ನ ಮೂಗಿನ ಕೆಳಗೆ ಬೆರಳು ಹಿಡಿದು ಕುಳಿತಿದ್ದಳು.